ರೆಕ್ಕೆ ತಿರುಗುತ್ತದೆ, ದೀಪ ಹತ್ತುವುದಿಲ್ಲ: ಶಾಲೆಯ ಗಾಳಿಯಂತ್ರದ ಮಾದರಿ ಕಟ್ಟುವ ಕ್ರಮ

“ಸರ, ಫ್ಯಾನ್ ಜೋರ್ ತಿರಗತೈತ್ರಿ. ಲೈಟ್ ಅಷ್ಟ ಹತ್ತವಲ್ದು.”

ನಾಳೆ ವಿಜ್ಞಾನ ವಸ್ತುಪ್ರದರ್ಶನ ಅನ್ನುವಾಗ ಇಂದು ಸಂಜೆ ಬರುವ ಫೋನ್ ಇದು. ಕೊಪ್ಪಳ ಜಿಲ್ಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವ ನನಗೆ ಪ್ರತಿವರ್ಷ ಇದೇ ಮಾತು, ಬೇರೆ ಬೇರೆ ದನಿಯಲ್ಲಿ. ಕುಕನೂರು, ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿಕೊಂಡೇ ಬೆಳೆಯುವ ಮಕ್ಕಳಿಗೆ ಪ್ರಾಜೆಕ್ಟ್ ಅಂದಕೂಡಲೇ ನೆನಪಾಗುವುದು ಅದೇ. ಮಾಡಿ ತರುತ್ತಾರೆ. ಗೋಪುರ ಚೆನ್ನಾಗಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಕೆಳಗೆ ಥರ್ಮೋಕೋಲಿನ ಹೊಲ, ಹೊಲದಲ್ಲಿ ಪ್ಲಾಸ್ಟಿಕ್ ಎತ್ತು. ದೀಪ ಮಾತ್ರ ಇಲ್ಲ.

ಎಲ್ಲರೂ ಮೊದಲು ಗೋಪುರ, ಆಮೇಲೆ ರೆಕ್ಕೆ, ಕೊನೆಗೆ ಮೋಟರ್ ಅಂತ ಹೋಗುತ್ತಾರೆ. ಈ ಬರಹದಲ್ಲಿ ಆ ಸಾಲನ್ನು ತಿರುವಿ ಹಾಕಿದ್ದೇನೆ. ದೀಪ ಹತ್ತಿಸುವ ಮೋಟರ್ ಕೈಗೆ ಬಂದು, ಪರೀಕ್ಷೆಯಲ್ಲಿ ಪಾಸಾಗುವವರೆಗೆ ಒಂದು ರಟ್ಟನ್ನೂ ಕತ್ತರಿಸಬೇಡಿ. ಒಟ್ಟು ನಾಲ್ಕು ಸಂಜೆಯ ಕೆಲಸ. ಅದರಲ್ಲಿ ಒಂದು ರಾತ್ರಿ ಅಂಟು ಒಣಗಲಿಕ್ಕೆ ಬೇಕು.

## ಕೆಲಸಕ್ಕೆ ಮೊದಲು ಒಂದು ಭಾಗಾಕಾರ

ಮೋಟರಿಗೆ ಕರೆಂಟ್ ಕೊಟ್ಟರೆ ತಿರುಗುತ್ತದೆ. ನಾವೇ ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ವೇಗವಾಗಿ ತಿರುಗಿಸಿದರೆ ಎಷ್ಟು ವೋಲ್ಟ್ ಅನ್ನುವ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲೇ.

ಆಟಿಕೆ ಕಾರಿನಲ್ಲಿರುವ ಬೆರಳುದ್ದದ ಮೋಟರ್ 3 ವೋಲ್ಟಿಗೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. 10,000ವನ್ನು 3ರಿಂದ ಭಾಗಿಸಿ. ಒಂದು ವೋಲ್ಟ್ ಹುಟ್ಟಬೇಕಾದರೆ ಅದನ್ನು ನಿಮಿಷಕ್ಕೆ 3,300 ಸುತ್ತು ತಿರುಗಿಸಬೇಕು. ನಮ್ಮ ರಟ್ಟಿನ ರೆಕ್ಕೆ ಟೇಬಲ್ ಫ್ಯಾನಿನ ಮುಂದೆ ಚೆನ್ನಾಗಿ ಓಡಿದರೆ ನಿಮಿಷಕ್ಕೆ 400ರಿಂದ 500 ಸುತ್ತು. ಅಂದರೆ ಸಿಗುವುದು 0.15 ವೋಲ್ಟ್. ಕೆಂಪು ಎಲ್‌ಇಡಿಗೆ ಕಡಿಮೆಯೆಂದರೂ 1.8 ವೋಲ್ಟ್ ಬೇಕು, ಬಿಳಿಯದಕ್ಕೆ 3ರ ಹತ್ತಿರ. ಹತ್ತಲು ಸಾಧ್ಯವೇ ಇಲ್ಲ. ಎಲ್‌ಇಡಿ ಬದಲಿಸಿ, ವೈರ್ ಬದಲಿಸಿ, ರೆಕ್ಕೆಗೆ ಇನ್ನೊಂದು ಕೋಟ್ ಬಣ್ಣ ಬಳಿದರೂ ಆಗದು.

ಈಗ 12 ವೋಲ್ಟಿಗೆ 3,000 ಸುತ್ತು ತಿರುಗುವ ಮೋಟರ್ ತೆಗೆದುಕೊಳ್ಳಿ. ಭಾಗಿಸಿದರೆ 250. ನಿಮಿಷಕ್ಕೆ 500 ಸುತ್ತಿಗೆ 2 ವೋಲ್ಟ್. ಕೆಂಪು ದೀಪ ಹತ್ತಿತು.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು “ಜೋರಾಗಿ ತಿರುಗುವ ಮೋಟರ್” ಅಂತಲ್ಲ. ವೋಲ್ಟ್ ಹೆಚ್ಚು, ಸುತ್ತು ಕಡಿಮೆ ಇರುವ ಡಿಸಿ ಮೋಟರ್ ಕೊಡಿ ಅನ್ನಿ. ಸುತ್ತನ್ನು ವೋಲ್ಟಿನಿಂದ ಭಾಗಿಸಿದಾಗ 200ರ ಒಳಗೆ ಬಂದರೆ ಉತ್ತಮ, 250ರವರೆಗೆ ನಡೆಯುತ್ತದೆ, 300 ದಾಟಿದರೆ ಅಲ್ಲಿಯೇ ಬಿಟ್ಟು ಬನ್ನಿ.

## ಬೇಕಾಗುವ ಸಾಮಾನು

ಡಿಸಿ ಮೋಟರ್ ಒಂದು. 5 ಮಿ.ಮೀ.ನ ಕೆಂಪು ಎಲ್‌ಇಡಿ ನಾಲ್ಕೈದು (ಒಂದೆರಡು ಸುಡುತ್ತವೆ, ಒಂದು ಕಳೆಯುತ್ತದೆ). 100 ಓಮ್ ರೆಸಿಸ್ಟರ್ ಒಂದು, ಬೇಕಾಗದೆಯೂ ಇರಬಹುದು. ತೆಳು ವೈರ್ ಎರಡು ಮೀಟರ್. ವೋಲ್ಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್, ಇದನ್ನು ಕೊಳ್ಳಬೇಕಿಲ್ಲ, ಶಾಲೆಯ ಲ್ಯಾಬಿನಲ್ಲೋ ಮೊಬೈಲ್ ರಿಪೇರಿ ಅಂಗಡಿಯಲ್ಲೋ ಒಂದು ದಿನಕ್ಕೆ ಕೇಳಿ.

ಸವೆದ ಹವಾಯಿ ಚಪ್ಪಲಿ ಒಂದು. ದಪ್ಪ ಲಗ್ನಪತ್ರಿಕೆ ಎಂಟು. ನಮ್ಮ ಕಡೆ ಬೇಸಿಗೆ ಕಳೆದ ಮೇಲೆ ಯಾರ ಮನೆಯಲ್ಲೂ ಇದಕ್ಕೆ ಬರವಿರುವುದಿಲ್ಲ. 3 ಮಿ.ಮೀ. ದಪ್ಪದ ಬಿದಿರಿನ ಕಡ್ಡಿ ನಾಲ್ಕು. ಫೆವಿಕಾಲ್, ಫೆವಿಕ್ವಿಕ್, ರಬ್ಬರ್ ಬ್ಯಾಂಡ್, ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳು. ಒಂದಿಂಚಿನ ಪಿವಿಸಿ ಪೈಪ್ 40 ಸೆಂ.ಮೀ., ಅಂಗೈ ಅಗಲದ ಮರದ ಪಟ್ಟಿ, ಕೇಬಲ್ ಟೈ ನಾಲ್ಕು, ತಳಕ್ಕೆ ಒಂದಡಿ ಚೌಕದ ಪ್ಲೈವುಡ್, ಒಂದು ಇಟ್ಟಿಗೆ. ಜಾಮಿಟ್ರಿ ಬಾಕ್ಸ್ ಹೇಗೂ ಚೀಲದಲ್ಲಿರುತ್ತದೆ.

ಬ್ಲೇಡ್, ಗರಗಸ, ಬೆಸುಗೆ ಕಡ್ಡಿಯ ಕೆಲಸವನ್ನು ಮನೆಯ ದೊಡ್ಡವರು ಮಾಡಲಿ. ಇದನ್ನು ಔಪಚಾರಿಕವಾಗಿ ಹೇಳುತ್ತಿಲ್ಲ. ಚಪ್ಪಲಿಯ ರಬ್ಬರಿನಲ್ಲಿ ಬ್ಲೇಡ್ ಹಿಡಿದುಕೊಂಡು ತಟಕ್ಕನೆ ಜಾರುತ್ತದೆ.

## ಹಂತ 1: ನಡುಬಿಲ್ಲೆ ಕತ್ತರಿಸಿ

ರೆಕ್ಕೆಗಳನ್ನು ಸಿಕ್ಕಿಸಿ, ಮೋಟರಿನ ಅಚ್ಚಿಗೆ (ಹೊರಗೆ ಚಾಚಿ ತಿರುಗುವ ಸರಳಿಗೆ) ಕೂರಿಸುವ ದುಂಡು ತುಂಡನ್ನು ನಡುಬಿಲ್ಲೆ ಅನ್ನುತ್ತೇನೆ. ಮುಂದಿನ ಹಂತದ ಮೋಟರ್ ಪರೀಕ್ಷೆಗೂ ಇದೇ ಬೇಕು, ಅದಕ್ಕೇ ಇದು ಮೊದಲು. ಥರ್ಮೋಕೋಲ್, ಬಾಟಲಿ ಮುಚ್ಚಳ, ಆಲೂಗಡ್ಡೆ ಎಲ್ಲವನ್ನೂ ಮಕ್ಕಳು ಮಾಡಿ ತಂದದ್ದು ನೋಡಿದ್ದೇನೆ. ಥರ್ಮೋಕೋಲಿನ ತೂತು ಒಂದೇ ದಿನದಲ್ಲಿ ಅಗಲವಾಗುತ್ತದೆ. ಮುಚ್ಚಳಕ್ಕೆ ಅಂಟು ನಿಲ್ಲುವುದಿಲ್ಲ. ಹವಾಯಿ ಚಪ್ಪಲಿಯ ರಬ್ಬರ್ ಮಾತ್ರ ಕಡ್ಡಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ, ಬೇಕೆಂದಾಗ ಕಡ್ಡಿಯನ್ನು ಹೊರಳಿಸಿ ಕೋನ ಬದಲಿಸಲೂ ಬಿಡುತ್ತದೆ. ಹಳೆ ಚಪ್ಪಲಿ ಕತ್ತರಿಸಿ ಗಾಡಿಗೆ ಗಾಲಿ ಮಾಡಿಕೊಂಡ ಹುಡುಗರಿಗೆ ಇದರ ಗುಣ ಗೊತ್ತು.

ಹಿಮ್ಮಡಿಯ ಭಾಗ ದಪ್ಪವಾಗಿರುತ್ತದೆ, ಅದನ್ನೇ ಆರಿಸಿ. ಕೈವಾರದಲ್ಲಿ 2 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಮೊನೆ ಊರಿದ ಗುರುತೇ ನಡುಬಿಂದು, ಅದು ಅಳಿಸದಂತೆ ಪೆನ್ನಿನಿಂದ ಚುಕ್ಕೆ ಇಡಿ. ಬ್ಲೇಡ್ ನೇರವಾಗಿ ಕೆಳಗೆ ಇಳಿಯಲಿ. ಓರೆಯಾದರೆ ಬಿಲ್ಲೆಯ ಒಂದು ಮುಖ ದೊಡ್ಡದು, ಒಂದು ಚಿಕ್ಕದಾಗುತ್ತದೆ.

ನಡುಬಿಂದುವಿನಲ್ಲಿ ತೂತು ಮಾಡುವಾಗ ಮೋಟರಿನ ಅಚ್ಚಿಗಿಂತ ಸಣ್ಣ ಮೊನೆ ಬಳಸಿ. ಅಚ್ಚು 2 ಮಿ.ಮೀ. ಇದ್ದರೆ ಕೈವಾರದ ಮೊನೆ ಸಾಕು. ಅಚ್ಚು ಒತ್ತಿದಾಗ ರಬ್ಬರ್ ಬಿಗಿದುಕೊಂಡು ಕೂರಬೇಕು. ಒಂದೇ ಕೂಡಲೆ ಎರಡು ಬಿಲ್ಲೆ ಮಾಡಿಟ್ಟುಕೊಳ್ಳಿ.

## ಹಂತ 2: ಮೋಟರ್ ಹುಡುಕಿ, ಬೆಂಚಿನ ಮೇಲೆ ಓಡಿಸಿ ನೋಡಿ

ಕೆಟ್ಟ ಪ್ರಿಂಟರ್ ಅತ್ಯುತ್ತಮ ಗಣಿ. ಕಾಗದ ಎಳೆಯಲು, ಶಾಯಿಯ ಪೆಟ್ಟಿಗೆ ಆಚೀಚೆ ಓಡಿಸಲು ಅದರೊಳಗೆ ಒಳ್ಳೆಯ ಡಿಸಿ ಮೋಟರ್ ಇರುವುದುಂಟು, ಮತ್ತು ಅವು ನಮಗೆ ಬೇಕಾದ ನಿಧಾನ ಜಾತಿಯವು. ಕಂಪ್ಯೂಟರ್ ರಿಪೇರಿ ಮಾಡುವವರಲ್ಲಿ, ಗುಜರಿ ಅಂಗಡಿಯಲ್ಲಿ ಕೇಳಿ. ಎರಡು ವೈರ್ ಇರುವ ಮೋಟರನ್ನೇ ಆರಿಸಿ. ನಾಲ್ಕೋ ಆರೋ ವೈರ್ ಇರುವುದು ಸ್ಟೆಪ್ಪರ್ ಮೋಟರ್. ಅದೂ ವಿದ್ಯುತ್ ಕೊಡುತ್ತದೆ, ಆದರೆ ತಿರುಗಿಸಿದರೆ ಟಕ್ ಟಕ್ ಅಂತ ತಡೆದು ತಡೆದು ಹೋಗುತ್ತದೆ, ಸಣ್ಣ ಗಾಳಿಗೆ ಏಳುವುದಿಲ್ಲ. ಹಳೆ ಟೇಪ್ ರೆಕಾರ್ಡರಿನ ಮೋಟರಿನ ಒಳಗೆ ವೇಗ ಕಾಯುವ ಪುಟ್ಟ ಸರ್ಕ್ಯೂಟ್ ಇರುವುದುಂಟು. ಅಂಥದ್ದು ಹೊರಗಿನಿಂದ ಒಂದೇ ತರಹ ಕಂಡರೂ ಕೈಕೊಡುತ್ತದೆ.

ಪ್ರಿಂಟರ್ ಬಿಚ್ಚುವ ಕೆಲಸ ರಿಪೇರಿಯವರದು. ಹಳೆ ಟಿವಿ, ಯುಪಿಎಸ್, ಮೈಕ್ರೋವೇವ್ ಬಿಚ್ಚಲು ಮಾತ್ರ ಯಾರೂ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅವು ಶಾಕ್ ಹೊಡೆಯುತ್ತವೆ.

ಸಿಕ್ಕ ಮೋಟರಿನ ಮೇಲೆ ವೋಲ್ಟ್ ಬರೆದಿರಬಹುದು, ಸುತ್ತು ಬರೆದಿರುವುದು ಅಪರೂಪ. ಅದಕ್ಕೇ ಈ ಪರೀಕ್ಷೆ. ಚಪ್ಪಲಿ ಬಿಲ್ಲೆಯನ್ನು ಅಚ್ಚಿಗೆ ಸಿಕ್ಕಿಸಿ, ಮೋಟರಿನ ಎರಡು ವೈರಿಗೆ ಕೆಂಪು ಎಲ್‌ಇಡಿಯ ಎರಡು ಕಾಲು ಸುತ್ತಿ. ಈಗ ಮೋಟರನ್ನು ಕೈಯಲ್ಲಿ ಹಿಡಿದು ಬಿಲ್ಲೆಯನ್ನು ಬೆಂಚಿನ ಮೇಲೆ ಗಾಲಿಯ ಹಾಗೆ ಒತ್ತಿ ಓಡಿಸಿ. ಬಿಲ್ಲೆಯ ಸುತ್ತಳತೆ ಸುಮಾರು 12.5 ಸೆಂ.ಮೀ. ಒಂದು ಮೀಟರ್ ದೂರವನ್ನು ಒಂದು ಸೆಕೆಂಡಿನಲ್ಲಿ ದಾಟಿಸಿದರೆ ಎಂಟು ಸುತ್ತು, ಅಂದರೆ ನಿಮಿಷಕ್ಕೆ 480. ನಮ್ಮ ರೆಕ್ಕೆ ಓಡುವ ವೇಗವೂ ಹೆಚ್ಚುಕಡಿಮೆ ಇದೇ.

ದೀಪ ಮಿನುಗಿದರೆ ಮೋಟರ್ ಪಾಸ್. ಮಿನುಗದಿದ್ದರೆ ಎಲ್‌ಇಡಿಯ ಕಾಲು ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸಿ, ಏಕೆಂದರೆ ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಬೆಳಗುತ್ತದೆ. ಎರಡೂ ಬಾರಿ ಕತ್ತಲೆಯೇ ಆದರೆ ಬೇರೆ ಮೋಟರ್ ನೋಡಿ. ಬಿಸಿಲಿನಲ್ಲಿ ಈ ಪರೀಕ್ಷೆ ಬೇಡ; ಮಂದ ಬೆಳಕು ಕಾಣದೆ ಒಳ್ಳೆಯ ಮೋಟರನ್ನು ಎಸೆದೀರಿ.

ಇಲ್ಲೊಂದು ಮೋಸವಿದೆ. ಬುಗುರಿಗೆ ಸುತ್ತಿದ ಹಾಗೆ ಅಚ್ಚಿಗೆ ದಾರ ಸುತ್ತಿ ಸರ್ರನೆ ಎಳೆದು “ಹತ್ತಿತು” ಅನ್ನುವವರಿದ್ದಾರೆ. 2 ಮಿ.ಮೀ. ಅಚ್ಚಿಗೆ ದಾರ ಸುತ್ತಿ ಎಳೆದರೆ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತಿನ ವೇಗ ಬರುತ್ತದೆ. ಆ ವೇಗಕ್ಕೆ ಆಟಿಕೆ ಮೋಟರೂ ದೀಪ ಹತ್ತಿಸುತ್ತದೆ. ಗಾಳಿಗೆ ಆ ವೇಗ ಎಂದೂ ಬಾರದು.

ಎಲ್ಲಿ ಹುಡುಕಿದರೂ ನಿಧಾನ ಮೋಟರ್ ಸಿಗದಿದ್ದರೆ? ಆಟಿಕೆ ರೋಬೊಗಳಲ್ಲಿ ಬಳಸುವ, ಹಲ್ಲಿನ ಗಾಲಿ ಸೇರಿಸಿದ ಹಳದಿ ಮೋಟರ್ ಇನ್ನೊಂದು ದಾರಿ. ಅದರ ಹೊರ ಅಚ್ಚು ಒಂದು ಸುತ್ತು ಹೋದರೆ ಒಳಗಿನ ಮೋಟರ್ ಹತ್ತಾರು ಸುತ್ತು ಹೋಗುತ್ತದೆ, ವೋಲ್ಟಿಗೆ ಕೊರತೆಯಿಲ್ಲ. ಆದರೆ ಹಲ್ಲುಗಳ ತಿಕ್ಕಾಟದಿಂದ ಗಾಳಿಗೆ ಅದನ್ನು ಎಬ್ಬಿಸುವುದು ಕಷ್ಟ. ಅಗಲವಾದ ಆರು ರೆಕ್ಕೆ, ಹತ್ತಿರದಲ್ಲಿ ಜೋರು ಫ್ಯಾನ್ ಬೇಕಾಗುತ್ತದೆ. ಹಳೆ ಸಿಡಿಗಳನ್ನು ದೊಡ್ಡ ಗಾಲಿ ಮಾಡಿ ರಬ್ಬರ್ ಬ್ಯಾಂಡ್ ಹಾಕುವ ಉಪಾಯವೂ ಇದೆ. ನನ್ನ ಅನುಭವದಲ್ಲಿ ಆ ಬ್ಯಾಂಡ್ ಸರಿಯಾಗಿ ತೀರ್ಪುಗಾರರು ಬಂದಾಗಲೇ ಕಳಚುತ್ತದೆ.

ಅಂದಹಾಗೆ, ನಮ್ಮ ಹೊಲದ ದೊಡ್ಡ ಯಂತ್ರಗಳಿಗೂ ಇದೇ ಸಮಸ್ಯೆ. ಅವುಗಳ ರೆಕ್ಕೆ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತಷ್ಟೇ. ಹೆಚ್ಚಿನವುಗಳ ತಲೆಯಲ್ಲಿ ಗೇರ್‌ಬಾಕ್ಸ್ ಕೂತು ಅದನ್ನು ಸಾವಿರಕ್ಕೂ ಮೇಲೆ ಏರಿಸುತ್ತದೆ. ಕೆಲವು ಗೇರ್ ಇಲ್ಲದೆ, ನಿಧಾನಕ್ಕೇ ವಿದ್ಯುತ್ ಕೊಡುವ ಭಾರಿ ಜನರೇಟರ್ ಇಟ್ಟುಕೊಳ್ಳುತ್ತವೆ. ನಾವು ಹಿಡಿದದ್ದು ಎರಡನೆಯ ದಾರಿ. ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ, ಪ್ರಶ್ನೆ ಬರುತ್ತದೆ.

## ಹಂತ 3: ರೆಕ್ಕೆ

ಟೇಬಲ್ ಫ್ಯಾನಿನ ರೆಕ್ಕೆಯ ಸುತ್ತು ಸಾಮಾನ್ಯವಾಗಿ 40 ಸೆಂ.ಮೀ. ಅಗಲ. ನಮ್ಮ ಯಂತ್ರದ ಸುತ್ತು ಅದರೊಳಗೇ ಇರಬೇಕು. ಉದ್ದ ರೆಕ್ಕೆ ಇಟ್ಟರೆ ಹೆಚ್ಚು ಕರೆಂಟ್ ಅನ್ನುವುದು ಬಯಲಿನ ಗಾಳಿಗೆ ನಿಜ, ಫ್ಯಾನಿನ ಮುಂದೆ ಸುಳ್ಳು: ಗಾಳಿಯ ಹೊರಗೆ ಚಾಚಿದ ತುದಿ ಬರೀ ಹೊರೆ. ಹಾಗಾಗಿ ರೆಕ್ಕೆಯ ಉದ್ದ 15 ಸೆಂ.ಮೀ. ಬುಡದಲ್ಲಿ ಅಗಲ 6, ತುದಿಯಲ್ಲಿ 3.5.

ಒಂದು ರೆಕ್ಕೆಗೆ ಎರಡು ತುಂಡಿನಂತೆ ಎಂಟು ತುಂಡು ಬೇಕು. ಮೊದಲು ಒಂದನ್ನು ಸರಿಯಾಗಿ ಕತ್ತರಿಸಿ, ಉಳಿದ ಏಳಕ್ಕೂ ಅದೇ ಮಾದರಿ. ಒಂದರ ಮೇಲೆ ಇನ್ನೊಂದನ್ನು ನೋಡಿ ಕತ್ತರಿಸುತ್ತ ಹೋದರೆ ಎಂಟನೆಯದು ಬೇರೆಯೇ ಆಕಾರಕ್ಕೆ ಬಂದಿರುತ್ತದೆ.

ಒಂದು ತುಂಡಿಗೆ ಫೆವಿಕಾಲ್ ತೆಳುವಾಗಿ ಸವರಿ. ಕಡ್ಡಿಯನ್ನು ಒಂದು ಅಂಚಿನಿಂದ ಅಗಲದ ಮೂರನೇ ಒಂದು ಭಾಗದಲ್ಲಿ ಉದ್ದಕ್ಕೆ ಇಡಿ. ಕಡ್ಡಿ ರೆಕ್ಕೆಯ ತುದಿಗೆ ಎರಡು ಸೆಂ.ಮೀ. ಮೊದಲೇ ನಿಲ್ಲಬೇಕು, ಬುಡದಲ್ಲಿ 3.5 ಸೆಂ.ಮೀ. ಹೊರಗಿರಬೇಕು. ಮೇಲೆ ಇನ್ನೊಂದು ತುಂಡು ಒತ್ತಿ. ಅಂಟು ಹಸಿಯಿರುವಾಗಲೇ ಈ ಜೋಡಿಯನ್ನು ನೀರಿನ ಬಾಟಲಿಯ ಮೇಲೆ ಉದ್ದಕ್ಕೆ ಮಲಗಿಸಿ, ಮೂರು ರಬ್ಬರ್ ಬ್ಯಾಂಡ್ ಹಾಕಿ, ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆಗೆ ರೆಕ್ಕೆ ಅಗಲಕ್ಕೆ ಸ್ವಲ್ಪ ಬಾಗಿ ಗಟ್ಟಿಯಾಗಿರುತ್ತದೆ. ನಾಲ್ಕನ್ನೂ ಒಂದೇ ತರಹದ ಬಾಟಲಿಗೆ ಕಟ್ಟಿ, ಎಲ್ಲದರಲ್ಲೂ ಕಡ್ಡಿ ಒಂದೇ ಬದಿಗಿರಲಿ.

ಒಂದು ರೆಕ್ಕೆಯಲ್ಲಿ ಕಡ್ಡಿ ಎಡ ಅಂಚಿಗೂ ಇನ್ನೊಂದರಲ್ಲಿ ಬಲ ಅಂಚಿಗೂ ಬಂದರೆ, ಕಡ್ಡಿಯ ಅಂಚನ್ನೇ ಮುಂದೆ ಮಾಡಿ ಓರೆ ಕೊಟ್ಟಾಗ ಅವು ಒಂದಕ್ಕೊಂದು ಎದುರು ತಳ್ಳುತ್ತವೆ. ಇದು ಅಂಟು ಒಣಗಿದ ಮೇಲೇ ಗೊತ್ತಾಗುವ ತಪ್ಪು.

ನಿಜವಾದ ಯಂತ್ರಕ್ಕೆ ಮೂರು ರೆಕ್ಕೆ, ನಮಗೇಕೆ ನಾಲ್ಕು? ನಾಲ್ಕಾದರೆ 90 ಡಿಗ್ರಿಯ ಗುರುತು ಸೆಟ್‌ಸ್ಕ್ವೇರಿನಲ್ಲೇ ಮುಗಿಯುತ್ತದೆ, ಎದುರುಬದುರು ತೂಗಿ ಸಮ ಮಾಡುವುದು ಸುಲಭ, ನಿಂತಲ್ಲಿಂದ ಏಳುವ ಬಲವೂ ತುಸು ಹೆಚ್ಚು. ಆರು, ಎಂಟು ಇಟ್ಟರೆ ಬೇಗ ಏಳುತ್ತದೆ, ಆದರೆ ವೇಗ ಸಾಲುವುದಿಲ್ಲ. ನಮಗೆ ವೇಗವೇ ವೋಲ್ಟ್.

## ಹಂತ 4: ಜೋಡಿಸಿ, ತೂಗಿ ನೋಡಿ

ಬಿಲ್ಲೆಯ ಅಂಚಿನಲ್ಲಿ ದಪ್ಪದ ಸರಿಯಾಗಿ ನಡುವೆ ನಾಲ್ಕು ಗುರುತು ಮಾಡಿ, ಕೈವಾರದ ಮೊನೆಯಿಂದ ದಾರಿ ಮಾಡಿ, ಕಡ್ಡಿಯನ್ನು ತಿರುವುತ್ತ 1.5 ಸೆಂ.ಮೀ. ಒಳಗೆ ಒತ್ತಿ. ಕಡ್ಡಿಯ ಮೇಲೆ ಮೊದಲೇ ಗೆರೆ ಹಾಕಿಕೊಂಡಿದ್ದರೆ ನಾಲ್ಕೂ ಒಂದೇ ಆಳಕ್ಕೆ ಇಳಿಯುತ್ತವೆ. ಕಡ್ಡಿಗೆ 1, 2, 3, 4 ಅಂತ ಬರೆದು ತೂತಿಗೂ ಅದೇ ಸಂಖ್ಯೆ ಬರೆಯಿರಿ. ಇಲ್ಲಿ ಅಂಟು ಹಾಕಬೇಡಿ, ಕೋನ ಇನ್ನೂ ಬದಲಾಗುವುದಿದೆ.

ಈಗ ಕೋನ. ಬಿಲ್ಲೆಯನ್ನು ಬೋರಲು ಹಾಕಿದ ಸ್ಟೀಲ್ ಲೋಟದ ಮೇಲೆ ಮಲಗಿಸಿ. ರೆಕ್ಕೆಗಳು ಮೇಜಿಗೆ ಸಮಾನಾಂತರವಾಗಿ ನಾಲ್ಕು ದಿಕ್ಕಿಗೆ ಚಾಚಿರುತ್ತವೆ. ಕಣ್ಣನ್ನು ರೆಕ್ಕೆಯ ಮಟ್ಟಕ್ಕೆ ತಂದು ತುದಿಯಿಂದ ನೋಡಿ, ಸೆಟ್‌ಸ್ಕ್ವೇರಿನ 30 ಡಿಗ್ರಿ ಮೂಲೆಯನ್ನು ಪಕ್ಕಕ್ಕೆ ಹಿಡಿದು, ರೆಕ್ಕೆ ಮೇಜಿನ ಮಟ್ಟದಿಂದ ಅಷ್ಟು ಓರೆಯಾಗುವವರೆಗೆ ಕಡ್ಡಿ ಹೊರಳಿಸಿ. ನಾಲ್ಕೂ ಒಂದೇ ಕಡೆಗೆ ಓರೆಯಾಗಬೇಕು. ಬಾಗಿದ ರೆಕ್ಕೆಯ ಒಳಬಾಗು ಗಾಳಿಗೆ ಮುಖ ಮಾಡಿರಲಿ, ಉಬ್ಬು ಹಿಂದಕ್ಕೆ. ಕಡ್ಡಿ ಇರುವ ಅಂಚು ಮುಂದೆ ಸಾಗುವ ಅಂಚು.

ತೂಕ ನೋಡುವುದನ್ನು ಮಕ್ಕಳು ಬಿಟ್ಟುಬಿಡುತ್ತಾರೆ. ನಡುತೂತಿಗೆ ನೆಟ್ಟನೆಯ ತೆಳು ಸೂಜಿ ತೂರಿಸಿ, ಬಿಲ್ಲೆ ಅದರ ಮೇಲೆ ಸಡಿಲವಾಗಿ ತಿರುಗುವಂತೆ ಅಡ್ಡ ಹಿಡಿಯಿರಿ. ಯಾವಾಗಲೂ ಒಂದೇ ರೆಕ್ಕೆ ಕೆಳಗೆ ಬಂದು ನಿಲ್ಲುತ್ತಿದ್ದರೆ ಅದು ಭಾರ. ಎದುರಿನ ರೆಕ್ಕೆಯ ಹಿಂಬದಿಗೆ ಸೆಲ್ಲೋಟೇಪಿನ ಚೂರು ಅಂಟಿಸುತ್ತ ಹೋಗಿ. ಯಾವ ರೆಕ್ಕೆಯೂ ಹಟ ಹಿಡಿದು ಕೆಳಗೇ ಬರದಿದ್ದರೆ ಸಾಕು. ಇದನ್ನು ಬಿಟ್ಟರೆ ಏನಾಗುತ್ತದೆ ಅಂದರೆ, ವೇಗ ಏರಿದಂತೆ ಗೋಪುರ ಗಡಗಡ ನಡುಗಿ, ಇಡೀ ಯಂತ್ರ ಮೇಜಿನ ಮೇಲೆ ತಾನೇ ನಡೆದುಕೊಂಡು ಹೋಗುತ್ತದೆ. ಒಮ್ಮೆ ಹೀಗೆ ನಡೆದು ಅಂಚಿನಿಂದ ಬಿದ್ದದ್ದು ನನ್ನ ಕಣ್ಣೆದುರಿಗೇ ಆಗಿದೆ.

## ಹಂತ 5: ಗೋಪುರ ಮತ್ತು ಮೋಟರ್ ಕೂರಿಸುವುದು

ರೆಕ್ಕೆಯ ತುದಿ ಅಚ್ಚಿನಿಂದ 19 ಸೆಂ.ಮೀ. ದೂರದಲ್ಲಿದೆ. ಪೈಪನ್ನು ತಕ್ಕಷ್ಟು ಕತ್ತರಿಸಿ, ಅಚ್ಚು ತಳದಿಂದ 35 ಸೆಂ.ಮೀ. ಮೇಲಿರಲಿ, ಆಗ ರೆಕ್ಕೆ ಎಲ್ಲೂ ತಾಗದು, ಫ್ಯಾನಿನ ನಡುಮಟ್ಟಕ್ಕೂ ಹತ್ತಿರ ಬರುತ್ತದೆ. ಪ್ಲೈವುಡ್‌ಗೆ ಪೈಪ್ ನಿಲ್ಲಿಸಲು ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಫ್ಲ್ಯಾಂಜ್ ತಿರುಪು ಹಾಕಿ ಕೂರಿಸುವುದು ಒಳ್ಳೆಯದು. ಪೈಪಿನ ತಲೆಗೆ ಮರದ ಪಟ್ಟಿ ಬಿಗಿದು, ಪಟ್ಟಿಯ ಮೇಲೆ ಮೋಟರನ್ನು ಎರಡು ಕೇಬಲ್ ಟೈಯಿಂದ ಕಟ್ಟಿ. ಮೋಟರಿನ ಮೂತಿ ಪೈಪಿನಿಂದ ನಾಲ್ಕು ಸೆಂ.ಮೀ.ಯಾದರೂ ಮುಂದೆ ಚಾಚಿರಬೇಕು; ಗಾಳಿ ತಳ್ಳಿದಾಗ ರೆಕ್ಕೆ ಹಿಂದಕ್ಕೆ ಬಾಗಿ ಪೈಪಿಗೆ ಬಡಿಯುತ್ತದೆ.

ಇಟ್ಟಿಗೆಯನ್ನು ಪ್ಲೈವುಡ್ಡಿನ ಹಿಂಭಾಗಕ್ಕೆ ಇಡಿ. ಅದನ್ನು ಮನೆ ಮಾಡಿ ಬಣ್ಣ ಬಳಿದುಕೊಂಡರೆ ಅಲಂಕಾರವೂ ಆಯಿತು.

ಬಿಲ್ಲೆಯನ್ನು ಅಚ್ಚಿಗೆ ಒತ್ತಿ ಕೂರಿಸಿ. ಜಾರುತ್ತಿದ್ದರೆ ಮಾತ್ರ ಫೆವಿಕ್ವಿಕ್, ಅದೂ ಬಿಲ್ಲೆಯ ಮುಂಭಾಗದಲ್ಲಿ ಅಚ್ಚಿನ ತುದಿಗೆ ಸೂಜಿಮೊನೆಯಷ್ಟು, ಮೋಟರಿನ ಮೂತಿ ಮೇಲಕ್ಕೆ ಮಾಡಿ ಹಿಡಿಯದೆ. ಒಂದು ಹನಿ ಅಚ್ಚಿನ ಗುಂಟ ಇಳಿದು ಮೋಟರಿನೊಳಗೆ ಹೋದರೆ ಮೋಟರ್ ಅಲ್ಲಿಗೇ ಮುಗಿಯಿತು. ಎರಡು ದಿನ ಅಲೆದು ತಂದ ಮೋಟರ್ ಹೀಗೆ ಎರಡು ಸೆಕೆಂಡಿನಲ್ಲಿ ಕಲ್ಲಾದ ಮೇಲೆ ನಾನು ಮಕ್ಕಳ ಕೈಗೆ ಫೆವಿಕ್ವಿಕ್ ಕೊಡುವುದನ್ನೇ ಬಿಟ್ಟಿದ್ದೇನೆ.

## ಹಂತ 6: ವೈರಿಂಗ್

ಮೋಟರಿನ ಎರಡು ವೈರ್ ಪೈಪಿನೊಳಗಿಂದ ಕೆಳಗೆ ಇಳಿಯಲಿ. ಮೊದಲು ಎಲ್‌ಇಡಿ ಹಾಕಬೇಡಿ, ಮೀಟರ್ ಹಾಕಿ. ಡಿಸಿ 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ, ಮೀಟರಿನ ಕೆಂಪು ಕಡ್ಡಿಯ ವೈರ್ ವೋಲ್ಟಿನ ತೂತಿನಲ್ಲಿದೆಯೇ ನೋಡಿಕೊಳ್ಳಿ. ಅದು 10 ಆಂಪಿಯರ್ ತೂತಿನಲ್ಲಿದ್ದರೆ ಮೀಟರ್ ಎರಡು ವೈರನ್ನು ನೇರ ಕೂಡಿಸಿದಂತಾಗಿ ರೆಕ್ಕೆ ನಿಂತುಬಿಡುತ್ತದೆ.

ಫ್ಯಾನ್ ಹಾಕಿ. ಮೀಟರಿನಲ್ಲಿ ಮೈನಸ್ ಚಿಹ್ನೆ ಬಂದರೆ ಕಡ್ಡಿಗಳನ್ನು ಅದಲುಬದಲು ಮಾಡಿ. ಚಿಹ್ನೆ ಹೋದಾಗ ಕೆಂಪು ಕಡ್ಡಿ ತಾಗಿರುವ ವೈರೇ ಪ್ಲಸ್, ಅದಕ್ಕೆ ಎಲ್‌ಇಡಿಯ ಉದ್ದ ಕಾಲು. 2 ವೋಲ್ಟ್ ದಾಟಿದ್ದರೆ ನೇರ ಜೋಡಿಸಿ. 3 ವೋಲ್ಟ್ ದಾಟಿದ್ದರೆ ನಡುವೆ 100 ಓಮ್ ರೆಸಿಸ್ಟರ್ ಹಾಕಿ (ಕಂದು, ಕಪ್ಪು, ಕಂದು ಪಟ್ಟೆ). ಮೊದಲೇ ರೆಸಿಸ್ಟರ್ ಹಾಕಿ ಕೂತರೆ ಇರುವ ಚೂರು ವೋಲ್ಟನ್ನೂ ಅದು ನುಂಗುತ್ತದೆ.

ಟಾರ್ಚಿನ ಹಳೆ ಬಲ್ಬ್ ಹಾಕುವ ಆಸೆ ಬೇಡ. ಅದಕ್ಕೆ ಬೇಕಾದ ಕರೆಂಟ್ ಎಲ್‌ಇಡಿಯದಕ್ಕಿಂತ ಹತ್ತಾರು ಪಟ್ಟು. ಹತ್ತುವುದಿಲ್ಲ, ರೆಕ್ಕೆಯನ್ನೂ ನಿಲ್ಲಿಸುತ್ತದೆ.

ಇನ್ನೊಂದು ಮಾತು. ತಳದಲ್ಲಿ ಸೆಲ್ ಬಚ್ಚಿಟ್ಟು ದೀಪ ಹತ್ತಿಸಿ ತರುವುದನ್ನು ನಾನು ಒಂದಕ್ಕಿಂತ ಹೆಚ್ಚು ಪ್ರದರ್ಶನದಲ್ಲಿ ನೋಡಿದ್ದೇನೆ, ಅದರಲ್ಲಿ ಹುಡುಗರಿಗಿಂತ ದೊಡ್ಡವರ ಕೈವಾಡವೇ ಹೆಚ್ಚು. ಬೆರಳಿನಿಂದ ರೆಕ್ಕೆ ನಿಲ್ಲಿಸಿದರೆ ಸಾಕು, ಬಯಲಾಗುತ್ತದೆ. ಆಮೇಲೆ ಆ ಹುಡುಗನ ಮುಖ ನೋಡಲಾಗುವುದಿಲ್ಲ.

## ಹಂತ 7: ಕೋನ ಹುಡುಕುವುದು

ನಿಜವಾದ ವಿಜ್ಞಾನ ಈ ಹಂತದಲ್ಲಿದೆ, ಅಂಕಗಳೂ ಇಲ್ಲೇ ಇವೆ. ಎಲ್‌ಇಡಿ ಜೋಡಿಸಿದ ಹಾಗೆಯೇ ಮೀಟರನ್ನು ಅದರ ಎರಡು ಕಾಲಿಗೆ ಹಿಡಿದರೆ ಅಂಕಿ 2ರ ಸುತ್ತವೇ ನಿಲ್ಲುತ್ತದೆ, ಎಲ್‌ಇಡಿಯ ಸ್ವಭಾವ ಹಾಗೆ. ಆದ್ದರಿಂದ ಎಲ್‌ಇಡಿ ಬಿಚ್ಚಿ, ಬರೀ ಮೀಟರಿನಿಂದ ಅಳೆಯಿರಿ. ಫ್ಯಾನಿನ ದೂರ, ವೇಗ ಎರಡೂ ಬದಲಾಗಬಾರದು. ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ.

40, 30, 20, 10 ಡಿಗ್ರಿಗೆ ಒಂದೊಂದು ಬಾರಿ ಇಟ್ಟು, ಪ್ರತಿ ಬಾರಿ ಫ್ಯಾನ್ ಹಾಕಿ ಅರ್ಧ ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. 40ರಲ್ಲಿ ಸಲೀಸಾಗಿ ಎದ್ದು ನಿಧಾನ ತಿರುಗುವುದನ್ನು ನೋಡುತ್ತೀರಿ. ಕೋನ ಕಡಿಮೆಯಾದಂತೆ ವೇಗ ಏರುತ್ತದೆ. ತೀರ ಕಡಿಮೆಯಾದಾಗ ತಾನಾಗಿ ಏಳುವುದೇ ಇಲ್ಲ, ಪೆನ್ಸಿಲಿನಿಂದ ಒಮ್ಮೆ ತಳ್ಳಿದರೆ ಮಾತ್ರ ಓಡುತ್ತದೆ. ತಾನಾಗಿ ಏಳುವ ಕೋನಗಳಲ್ಲಿ ಹೆಚ್ಚು ವೋಲ್ಟ್ ಕೊಟ್ಟದ್ದೇ ನಿಮ್ಮ ಕೋನ. ಇದು ಎಲ್ಲ ಯಂತ್ರಕ್ಕೂ ಒಂದೇ ಬರುವುದಿಲ್ಲ, ಪಕ್ಕದ ಹುಡುಗನ ಅಂಕಿ ನಕಲು ಮಾಡಿ ಪ್ರಯೋಜನವಿಲ್ಲ. ಸಿಕ್ಕ ಅಂಕಿಗಳ ಗ್ರಾಫನ್ನು ಡ್ರಾಯಿಂಗ್ ಶೀಟಿನಲ್ಲಿ ಕೈಯಿಂದಲೇ ಬರೆದು ಹಿಂದೆ ತೂಗುಹಾಕಿ.

ನಿಮಿಷಕ್ಕೆ 500 ಸುತ್ತಿನಲ್ಲಿ ರೆಕ್ಕೆಯ ತುದಿ ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿರುತ್ತದೆ. ತಿರುಗುವಾಗ ಯಂತ್ರದ ಪಕ್ಕಕ್ಕೆ, ರೆಕ್ಕೆಯ ಸಾಲಿನಲ್ಲಿ ಮುಖ ತರಬಾರದು. ಕಡ್ಡಿ ಕಿತ್ತು ಹಾರಿದರೆ ಹಾರುವುದು ಆ ಕಡೆಗೇ. ಕೋನ ಗಟ್ಟಿಯಾದ ಮೇಲೆ ಪ್ರತಿ ಕಡ್ಡಿಯ ಬುಡಕ್ಕೆ ಒಂದು ತೊಟ್ಟು ಫೆವಿಕಾಲ್ ಹಾಕಿ.

## ಹಂತ 8: ಪ್ರದರ್ಶನದ ದಿನ

ಆಷಾಢದಲ್ಲಿ ನಮ್ಮ ಬಯಲಿನಲ್ಲಿ ಈ ಯಂತ್ರವನ್ನು ಅಂಗಳದಲ್ಲಿಟ್ಟರೂ ಓಡುತ್ತದೆ. ಆ ಗಾಳಿ ನಂಬಿ ಫ್ಯಾನ್ ತರದೆ ಬಂದವರು ಚಳಿಗಾಲದ ಪ್ರದರ್ಶನದಲ್ಲಿ ರಟ್ಟು ಬೀಸುತ್ತ ಕೂತಿರುತ್ತಾರೆ. ಫ್ಯಾನ್, ಎಕ್ಸ್‌ಟೆನ್ಶನ್ ಬೋರ್ಡ್ ನಿಮ್ಮದೇ ಇರಲಿ. ಫ್ಯಾನನ್ನು ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ದೂರ ಇಡಿ. ಫ್ಯಾನಿನ ನಟ್ಟನಡುವೆ ಗಾಳಿ ತೀರ ಕಡಿಮೆ, ತುಂಬ ಹತ್ತಿರ ಇಟ್ಟರೆ ಆ ಸತ್ತ ಗಾಳಿ ನಮ್ಮ ಬಿಲ್ಲೆಯ ಸುತ್ತ ಬೀಳುತ್ತದೆ. ಅತ್ತಿತ್ತ ತಿರುಗುವ ಗುಂಡಿ ಒತ್ತಿ ನಿಲ್ಲಿಸಿ.

ಕರೆಂಟ್ ಹೋದರೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ದೀಪ ಮಿನುಗಿಸಿ ತೋರಿಸಲು ಮಗುವಿಗೆ ಅಭ್ಯಾಸ ಮಾಡಿಸಿ. ಕರೆಂಟಿನ ಫ್ಯಾನ್ ಹಾಕಿ ಕರೆಂಟ್ ಮಾಡುವುದೇಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಫ್ಯಾನ್ ಇಲ್ಲಿ ಬಯಲಿನ ಗಾಳಿಯ ಬದಲಿಗೆ ಇದೆ, ಅದು ಬಳಸುವ ವಿದ್ಯುತ್ತಿನ ಸಣ್ಣ ಚೂರಷ್ಟೇ ನಮಗೆ ವಾಪಸ್ ಸಿಗುತ್ತದೆ ಅಂತ ನೇರವಾಗಿ ಹೇಳಲಿ.

ಬರುವ ಇನ್ನಷ್ಟು ಪ್ರಶ್ನೆ: ಗಾಳಿಯ ವೇಗ ಎರಡರಷ್ಟಾದರೆ? ಗಾಳಿಯಲ್ಲಿರುವ ಶಕ್ತಿ ಎಂಟರಷ್ಟು, ವೇಗದ ಘನಕ್ಕೆ ತಕ್ಕಂತೆ. ರೆಕ್ಕೆಯ ಉದ್ದ ಎರಡರಷ್ಟಾದರೆ? ರೆಕ್ಕೆ ಗುಡಿಸುವ ಜಾಗ ನಾಲ್ಕರಷ್ಟು, ಶಕ್ತಿಯೂ ನಾಲ್ಕರಷ್ಟು. ಗಾಳಿಯ ಶಕ್ತಿಯನ್ನೆಲ್ಲ ಹಿಡಿಯಬಹುದೇ? ಹಿಡಿದರೆ ಗಾಳಿ ರೆಕ್ಕೆಯ ಹಿಂದೆ ನಿಂತುಬಿಟ್ಟು ಹೊಸ ಗಾಳಿಗೆ ದಾರಿಯಿರುವುದಿಲ್ಲ. ಬೆಟ್ಜ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ ಮಿತಿಯ ಪ್ರಕಾರ 59.3 ಪ್ರತಿಶತವೇ ಕಡೆ. ದೊಡ್ಡ ಯಂತ್ರ ಯಾವ ಗಾಳಿಗೆ ಶುರು? ಸೆಕೆಂಡಿಗೆ ಮೂರ್ನಾಲ್ಕು ಮೀಟರಿಗೆ, ಮತ್ತು ಸುಮಾರು 25 ಮೀಟರಿಗೆ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ತೋರಿಸಲು ಒಂದು ಒಳ್ಳೆಯ ಆಟ ಇದೆ. ಯಂತ್ರ ಓಡುತ್ತಿರುವಾಗ ಮೋಟರಿನ ಎರಡು ವೈರನ್ನು ಒಂದಕ್ಕೊಂದು ತಾಗಿಸಿ. ಯಾರೂ ಮುಟ್ಟದೆಯೇ ರೆಕ್ಕೆ ಸಟ್ಟನೆ ಭಾರವಾಗಿ ನಿಧಾನವಾಗುತ್ತದೆ. ಬಿಡಿಸಿದರೆ ಮತ್ತೆ ಓಟ. ಕರೆಂಟ್ ಪುಕ್ಕಟೆ ಹುಟ್ಟುವುದಿಲ್ಲ, ತೆಗೆದಷ್ಟೂ ರೆಕ್ಕೆ ಗಾಳಿಯಿಂದ ದುಡಿಯಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ವೋಲ್ಟ್ ಕಡಿಮೆ ಇರುವುದರಿಂದ ಕೈಗೆ ಏನೂ ಆಗದು.

## ತೊಂದರೆಯ ಗುರುತುಗಳು

ರೆಕ್ಕೆ ಅಲುಗಾಡುತ್ತದೆ, ಏಳುವುದಿಲ್ಲ: ಮೊದಲು ವೈರ್ ಬಿಚ್ಚಿ ನೋಡಿ. ಬಿಚ್ಚಿದ ಕೂಡಲೆ ಓಡಿದರೆ ಎಲ್ಲೋ ಎರಡು ವೈರ್ ಒಂದಕ್ಕೊಂದು ತಾಗಿವೆ, ಸಾಮಾನ್ಯವಾಗಿ ಪೈಪಿನೊಳಗೆ. ಬಿಚ್ಚಿದರೂ ಏಳದಿದ್ದರೆ ಕೋನ ಹೆಚ್ಚಿಸಿ.

ನಿನ್ನೆ ಓಡುತ್ತಿತ್ತು, ಇಂದು ನಿಧಾನ: ಬಿಲ್ಲೆ ಅಚ್ಚಿನ ಮೇಲೆ ಹಿಂದೆ ಸರಿದು ಮೋಟರಿನ ಮೂತಿಗೆ ಉಜ್ಜುತ್ತಿರುತ್ತದೆ. ಕಾಗದದ ದಪ್ಪದಷ್ಟಾದರೂ ಸಂದಿ ಬೇಕು.

ರೆಕ್ಕೆ ಓಡುತ್ತದೆ, ಮೀಟರ್ ಸೊನ್ನೆ: ಬಿಲ್ಲೆ ಅಚ್ಚಿನ ಮೇಲೆ ಜಾರುತ್ತಿದೆ, ಮೋಟರ್ ತಿರುಗುತ್ತಲೇ ಇಲ್ಲ. ಅಚ್ಚಿನ ತುದಿಗೆ ಪೆನ್ನಿನಿಂದ ಚುಕ್ಕೆ ಇಟ್ಟು ಅದು ತಿರುಗುತ್ತದೆಯೇ ನೋಡಿ. ತೂತು ಅಗಲವಾಗಿದ್ದರೆ ಎರಡನೆಯ ಬಿಲ್ಲೆ ತೆಗೆಯಿರಿ.

ಮೀಟರ್ 2.5 ತೋರಿಸುತ್ತದೆ, ದೀಪ ಇಲ್ಲ: ಎಲ್‌ಇಡಿ ತಿರುವುಮುರುವಾಗಿದೆ ಇಲ್ಲವೇ ಬಿಳಿಯದು. ರಾತ್ರಿ ರೆಕ್ಕೆ ಬಿಚ್ಚಿ ಬೆಳಿಗ್ಗೆ ಬಿಲ್ಲೆಯನ್ನು ಹಿಂದುಮುಂದಾಗಿ ಕೂರಿಸಿದರೆ ಉಬ್ಬು ಗಾಳಿಗೆ ಎದುರಾಗುತ್ತದೆ, ಓಟ ಮಂದವಾಗುತ್ತದೆ, ದಿಕ್ಕು ಬದಲಾಗದು. ರೆಕ್ಕೆಗಳ ಓರೆ ಇನ್ನೊಂದು ಕಡೆಗೆ ಹೊರಳಿದ್ದರೆ ಯಂತ್ರವೇ ಉಲ್ಟಾ ತಿರುಗಿ ಪ್ಲಸ್ ಮೈನಸ್ ಅದಲುಬದಲಾಗುತ್ತದೆ. ಬಿಲ್ಲೆಯ ಮುಂಭಾಗಕ್ಕೆ “ಮುಂದೆ” ಅಂತ ಬರೆದಿಡಿ.

ಸುಟ್ಟ ವಾಸನೆ ಈ ಯಂತ್ರದಿಂದ ಬರಲು ಸಾಧ್ಯವೇ ಇಲ್ಲ. ಬಂದರೆ ಅದು ಫ್ಯಾನಿನದೋ ಎಕ್ಸ್‌ಟೆನ್ಶನ್ ಬೋರ್ಡಿನದೋ. ತಕ್ಷಣ ಸ್ವಿಚ್ ಆರಿಸಿ, ದೊಡ್ಡವರನ್ನು ಕರೆಯಿರಿ.

ಬಸ್ಸಿನಲ್ಲಿ ಒಯ್ಯುವಾಗ ಬಿಲ್ಲೆಯನ್ನು ರೆಕ್ಕೆ ಸಮೇತ ಅಚ್ಚಿನಿಂದ ಕಿತ್ತು, ಹೋಳಿಗೆ ಡಬ್ಬಿಯಂಥ ಅಗಲ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಗೋಪುರ ಸೀಟಿನ ಕೆಳಗೆ ಹೋಗಲಿ. ಎರಡನೆಯ ಬಿಲ್ಲೆ, ಉಳಿದ ಎಲ್‌ಇಡಿಗಳು, ಸೆಲ್ಲೋಟೇಪ್ ಹುಡುಗನ ಕಂಪಾಸ್ ಬಾಕ್ಸಿನಲ್ಲಿರಲಿ. ಮೇಜು ಸಿಕ್ಕ ಕೂಡಲೆ ಮೊದಲು ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇದೆಯೇ ನೋಡಿ, ಆಮೇಲೆ ಚಾರ್ಟ್ ತೂಗುಹಾಕಿ.